ನೀರಿಗೆ ತಾಗದ ಹಾಗೆ

ಪರದೆಯ ಕೆಳಗೆ ಒಂದು ಗೇಣು ಸಂದು, ಅದರಲ್ಲಿ ಕಾಣುವುದು ಕಾಲುಗಳು ಮಾತ್ರ, ಮಸೀದಿಯ ಹಜರತ್ತರ ಬಿಳಿ ಕಾಲುಚೀಲ, ಮಾವನ ಒಡೆದ ಹಿಮ್ಮಡಿ, ಮೈದುನ ತೌಸಿಫನ ಹೆಬ್ಬೆರಳು ಚಾಪೆಯ ಅಂಚನ್ನು ಕೆರೆಯುತ್ತಾ ಇದೆ, ಕೆರೆಯಲಿ, ಚಾಪೆ ಹರಿಯುವ ತನಕ ಕೆರೆಯಲಿ — ಈಗ ಮಾವ ಏನಂದರು, ದೊಡ್ಡ ರಾತ್ರಿ ಮಾರನೇ ದಿನ ಹಜರತ್, ಅಂದರಲ್ಲ, ನನಗೆ ಕೇಳಿಸಿದ್ದು ಅದೇ ತಾನೇ, ದೊಡ್ಡ ರಾತ್ರಿ ಅಂದರೆ ರಂಜಾನಿನ ಇಪ್ಪತ್ತೇಳನೆಯ ರಾತ್ರಿ, ಹೊನ್ನಾಳಿಯ ಮಸೀದಿಗೆಲ್ಲ ಬಣ್ಣದ ದೀಪ ಬಿಟ್ಟಿದ್ದರು, ನಾನು ತರಾವೀಹ್ ನಮಾಜು ಮುಗಿಸಿ ಅತ್ತೆಯ ಕಾಲು ಒತ್ತಿ ಮಲಗಿದ್ದೆ, ಅದರ ಮಾರನೆಯ ದಿನ, ಮೊನ್ನೆ ಅಲ್ಲ, ಮೊನ್ನೆ ಅಲ್ಲವೇ ಅಲ್ಲ. ಮೊನ್ನೆ ನನ್ನನ್ನು ಕೂರಿಸಿಕೊಂಡು ಇದೇ ಮಾವ ಏನು ಹೇಳಿದ್ದು, ಬಾನು, ನಿನ್ನೆ ಹಡಗಿಗೆ ಮಿಸೈಲ್ ಬಿತ್ತಂತೆ ತಾಯಿ, ಮತೀನ ಇಂಜಿನ್ ರೂಮಿನಾಗೆ ಇದ್ದನಂತೆ, ಹಡಗು ಮುಣುಗಿ ಹೋತಂತೆ. ನಿನ್ನೆ ಅಂದರು. ನಾನು ನಂಬಿದೆ, ಬಳೆ ಒಡೆದುಕೊಂಡೆ, ಗೋಡೆಗೆ ತಲೆ ಬಡಿದುಕೊಂಡೆ, ಇವತ್ತು ಮೂರನೆಯ ದಿನದ ಜಿಯಾರತ್ತು ಅಂತ ಮನೆ ತುಂಬ ಜನ, ಫಾತಿಹಾ, ಊದುಬತ್ತಿ, ಎಲ್ಲ ನಾಟಕ, ಸತ್ತು ಎರಡು ತಿಂಗಳಾದ ಗಂಡಸಿಗೆ ಮೂರನೆಯ ದಿನ ಮಾಡುತ್ತಾ ಕೂತಿದ್ದಾರೆ. ಹಜರತ್ತರು ಮಾವನನ್ನು ಬೇರೇನೂ ಕೇಳಲಿಲ್ಲ, ಇದ್ದತ್ ಲೆಕ್ಕ ಹಿಡೀಬೇಕಲ್ರಿ ನನ್ನೇಸಾಬ್, ಇಂತಕಾಲ್ ಆಗಿದ್ದು ಯಾವತ್ತು ಅಂತ ಕೇಳಿದರು, ಅಷ್ಟೇ. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂರುವ ಇದ್ದತ್ತನ್ನು ಸುದ್ದಿ ಕೇಳಿದ ದಿನದಿಂದ ಹಿಡಿಯುವುದಿಲ್ಲ, ಸತ್ತ ದಿನದಿಂದ ಹಿಡಿಯಬೇಕು. ಅಲ್ಲಿ ಮಾವ ನಿಜ ಹೇಳಲೇಬೇಕಾಯಿತು. ಸೊಸೆಗೆ ಸುಳ್ಳು ಹೇಳಬಹುದು, ಇದ್ದತ್ತಿಗೆ ಹೇಳಬಾರದು, ಎಂಥ ದೊಡ್ಡ ಮನುಷ್ಯ, ಎಂಥ ದೈವಭಕ್ತ.

ಹಾಗಾದರೆ ಹಬ್ಬದ ದಿನ ನಾನು ಏನಾಗಿದ್ದೆ. ನಸುಕಿಗೇ ಎದ್ದು ಸುರಕುಂಬ ಕಾಸಿದೆ, ಶ್ಯಾವಿಗೆ ಹುರಿದೆ, ಖರ್ಜೂರ ಸೀಳಿದೆ, ಹಸಿರು ಬಟ್ಟೆ ಉಟ್ಟು ಕಣ್ಣಿಗೆ ಸುರ್ಮಾ ಹಚ್ಚಿ ಫೋನಿನೊಳಗೆ ಮಾತಾಡಿ ಕಳಿಸಿದೆ, ಈದ್ ಮುಬಾರಕ್ ರೀ, ಹಡಗಿನಾಗೆ ಸುರಕುಂಬ ಯಾರು ಮಾಡ್ತಾರೆ ನಿಮಗೆ, ಅದರ ಕೆಳಗೆ ಒಂದೇ ಗೀಟು ಬಿತ್ತು, ತಲುಪಿದರೆ ಬೀಳುವ ಎರಡನೆಯದು ಬೀಳಲಿಲ್ಲ, ತೌಸಿಫನನ್ನು ಕೇಳಿದರೆ, ಅತ್ತಿಗೆ, ನಡು ಸಮುದ್ರದಾಗೆ ಟವರ್ ಎಲ್ಲಿರ್ತೈತೆ, ಅಂದ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅಂದ, ಕಂಪನಿಯವರು ಫೋನು ಮಾಡಿದ್ದು ಅವನ ನಂಬರಿಗೇ, ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ನನ್ನ ಕೈಯ ಸುರಕುಂಬ ಎರಡು ಬಟ್ಟಲು ಕುಡಿದ. ಎದುರು ಮನೆಯ ದ್ಯಾಮಮ್ಮ ಬಾಳೆಹಣ್ಣು ತಂದುಕೊಟ್ಟು, ಯಾವತ್ತೂ ಇಲ್ಲದವಳು ನನ್ನ ತಲೆ ಸವರಿದಳು, ನನಗೆ ಹಿಗ್ಗು, ಓಹೋ ದ್ಯಾಮಮ್ಮನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ, ಅಂದರೆ ಓಣಿಗೆಲ್ಲ ಗೊತ್ತಿತ್ತು, ಹಾಲಿನವನಿಗೆ ಗೊತ್ತಿತ್ತು, ಎದುರು ಮನೆಯ ಎಮ್ಮೆಗೂ ಗೊತ್ತಿತ್ತೇನೋ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ಇವರು ಜಾಣರು, ಒಂದೇ ಸುಳ್ಳಿನಲ್ಲಿ ಮುಗಿಸಿದರು. ನಾದಿನಿ ಸಾಯಿಮಾಳ ಮದುವೆ ಹಬ್ಬ ಕಳೆದ ಎರಡನೆಯ ವಾರಕ್ಕೆ ನಿಶ್ಚಯವಾಗಿತ್ತು, ಗಂಡಿನವರು ಜಗಳೂರಿನವರು, ಸಾವಿನ ಮನೆಯಿಂದ ಹೆಣ್ಣು ತರಲ್ಲ ಅಂದುಬಿಟ್ಟರೆ, ಈ ಸಂಬಂಧವೂ ತಪ್ಪಿದರೆ, ಅದಕ್ಕೇ. ಮದುವೆ ಆಗಲಿ ಅಂತ ಕಾದರು, ಆಮೇಲೆ ಮದುಮಕ್ಕಳನ್ನು ಐದು ಶುಕ್ರವಾರ ಕರೆದು ಉಣಿಸುವ ಜುಮ್ಮಾಗಿ ಇದೆಯಲ್ಲ, ಅದೂ ಮುಗಿಯಲಿ ಅಂತ ಕಾದರು, ಪ್ರತಿ ಶುಕ್ರವಾರವೂ ಬಿರಿಯಾನಿಗೆ ಈರುಳ್ಳಿ ಹೆಚ್ಚಿದವಳು ನಾನು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದಾದರೂ ಮತೀನನ ಪಾಲಿಗೆ ಸಂದಿತೋ ಏನೋ.

ಸಾಯಿಮಾಳ ಗಾದಿ ಹೊಲಿದವಳೂ ನಾನೇ. ಪಿಂಜಾರರ ಮನೆ ಹೆಣ್ಣು ಹೋಗುವಾಗ ಹೊಸ ಹತ್ತಿಯ ಗಾದಿ, ನಾಲ್ಕು ದಿಂಬು, ತವರಿನವರು ಕೈಯಾರೆ ಮಾಡಿ ಕಳಿಸಬೇಕು, ಅಂಗಡಿಯಲ್ಲಿ ಮಾವ ಹತ್ತಿ ಹಿಂಜಿದರು, ನಾನು ದಬ್ಬಣ ಹಿಡಿದೆ, ಮಿಷನ್ನಿನ ಸದ್ದಿಗೆ ಮಾತು ಕೇಳಿಸುವುದಿಲ್ಲ, ಅವರು ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದರು, ಮೇಲೆ ಕಣ್ಣು ಎರಡೂ ಕೆಂಡ, ಯಾಕ್ರಿ ಮಾವ ಕಣ್ಣು ಹಿಂಗಾಗ್ಯಾವೆ, ಅಂತ ಕೂಗಿ ಕೇಳಿದೆ, ಹತ್ತಿ ಧೂಳು ಬಿತ್ತು ಕಣವ್ವ, ಅಂದರು. ಹುಟ್ಟಿದಾಗಿನಿಂದ ಹತ್ತಿಯಲ್ಲೇ ಬೆಳೆದ ಮನುಷ್ಯನಿಗೆ ಅವತ್ತು ಧೂಳು ಬಿತ್ತು. ನಾನು ಒಳಗಿನಿಂದ ತಣ್ಣೀರು ತಂದುಕೊಟ್ಟು, ಸ್ವಲ್ಪ ಹೊತ್ತು ಕುಂದರ್ರಿ ಮಾವ, ಅಂದೆ. ಆ ಟವೆಲ್ಲಿನ ಒಳಗೆ ಅವರು ಮಗನಿಗಾಗಿ ಅತ್ತರು, ನನ್ನ ಎದುರಿಗೇ ಕೂತು ಅತ್ತರು, ತಾವೊಬ್ಬರೇ ಅತ್ತರು, ನನ್ನ ಪಾಲು ನನಗೆ ಕೊಡಲಿಲ್ಲ. ಅವರ ಮೇಲೆ ಸಿಟ್ಟು ಮಾಡಬೇಕೋ ಪಾಪ ಅನ್ನಬೇಕೋ, ಇಲ್ಲ, ಪಾಪ ಅನ್ನುವುದಿಲ್ಲ, ಇವತ್ತು ಯಾರಿಗೂ ಅನ್ನುವುದಿಲ್ಲ. ಬಸವಾಪಟ್ಟಣದಲ್ಲಿ ನಮ್ಮವ್ವ ಹೇಳುತ್ತಿದ್ದಳು, ಶಹರಬಾನು, ನಿನ್ನ ಸಿಟ್ಟು ಮೂಗಿನ ತುದಿಯಾಗೈತೆ, ಗಂಡನ ಮನೆಯಾಗೆ ನುಂಗಿಕೊಳ್ಳಾಕೆ ಕಲಿ, ಅಂತ, ಕಲಿತೆನವ್ವ, ನುಂಗಿ ನುಂಗಿ ಹೊಟ್ಟೆ ತುಂಬಿತು.

ಈಗ ಉಗುರಿನ ತುದಿಯಲ್ಲಿ ಮೆಹಂದಿ ಇನ್ನೂ ಸ್ವಲ್ಪ ಉಳಿದಿದೆ, ಕಿತ್ತಳೆ ಬಣ್ಣ, ಕೈಯದು ಎಂದೋ ಹೋಯಿತು, ಉಗುರಿನದು ಬೆಳೆದು ಬೆಳೆದು ತುದಿಗೆ ಬಂದಿದೆ. ಮದುವೆಯ ಹಿಂದಿನ ದಿನ ಹಚ್ಚಿಸಿಕೊಂಡಿದ್ದು, ನನಗೆ ಬೇಡ ಅಂದಿದ್ದೆ, ಸಾಯಿಮಾಳೇ ಹಟ ಮಾಡಿದಳು, ಅತ್ತಿಗೆ ನೀನು ಹಚ್ಚದಿದ್ರೆ ನಾನೂ ಹಚ್ಚಲ್ಲ, ಅಣ್ಣಂಗೆ ಫೋಟೋ ಕಳಿಸೋಣ, ಪಾಪ — ಆಯಿತು, ಅವಳಿಗೊಬ್ಬಳಿಗೆ ಅನ್ನುತ್ತೇನೆ, ಪಾಪ ಅವಳಿಗೂ ಗೊತ್ತಿರಲಿಲ್ಲ, ನಾಳೆ ಜಗಳೂರಿನಿಂದ ಬರುತ್ತಾಳೆ, ತನ್ನ ಮದುವೆಯ ದಿನ ಅಣ್ಣ ಸಮುದ್ರದ ತಳದಲ್ಲಿದ್ದ ಅಂತ ಅವಳಿಗೆ ಯಾರು ಹೇಳುತ್ತಾರೆ, ತೌಸಿಫ ಹೇಳಲಿ, ಅವನ ಬಾಯಿಂದಲೇ ಬರಲಿ. ನನ್ನ ಕೈಗೆ ಮೆಹಂದಿ ಹಾಕುವಾಗ ಅತ್ತೆ ನೋಡುತ್ತಾ ನಿಂತಿದ್ದರು, ಎದ್ದು ಹೋದರು, ತಲೆ ನೋವು ಅಂದರು. ಮೂರು ಮೂರು ಸಾರಿ ಚಹಾ ಕಾಸಿ ಕೊಟ್ಟೆನಲ್ಲ ಆ ತಲೆನೋವಿಗೆ. ಮಾರನೆಯ ದಿನ ಜಗಳೂರಿನ ಶಾದಿ ಮಹಲಿನಲ್ಲಿ ನಾನು ಬೀಡಾ ತಟ್ಟೆ ಹಿಡಿದು ಓಡಾಡುತ್ತಿದ್ದೆ, ಎಲ್ಲರನ್ನೂ ಕಾಡಿಸುತ್ತಾ, ನಗುತ್ತಾ, ಮೂಲೆಯಲ್ಲಿ ಹುಡುಗರು ಗುಂಪುಗೂಡಿ ಒಂದು ಫೋನಿಗೆ ತಲೆ ಹಾಕಿದ್ದರು, ಏನ್ರೋ ಅದು ಅಂತ ನಾನೂ ಬಗ್ಗಿದೆ, ಬೂದಿ ಬಣ್ಣದ ಸಮುದ್ರ, ಒಂದು ಹಡಗು ತನ್ನ ಪಾಡಿಗೆ ಹೋಗುತ್ತಿದೆ, ಪಕ್ಕದಿಂದ ನೀರಿನ ಮೇಲೆ ಒಂದು ಗೆರೆ ಬರುತ್ತಿದೆ, ಹಿಂದೆ ಯಾರೋ ಡೋಲಿನ ಹಾಡು ಸೇರಿಸಿದ್ದರು, ನೋಡ್ರಲೆ ಹೆಂಗೆ ಬರ್ತೈತೆ, ಈಗ ಬೀಳ್ತೈತೆ, ಈಗ, ಅಂತ ಒಬ್ಬ, ಬಿತ್ತು, ಹುಡುಗರು ಓಹೋ ಅಂದರು, ನಾನು ಅಯ್ಯೋ ಯಾರ ಮನೆ ಮಕ್ಕಳೋ ಏನೋ ಅಂದೆ, ಅಂದು ಮುಂದಿನವರಿಗೆ ಬೀಡಾ ಕೊಟ್ಟೆ. ಅಷ್ಟರಲ್ಲಿ ತೌಸಿಫ ಎಲ್ಲಿದ್ದನೋ ಹದ್ದಿನ ಹಾಗೆ ಬಂದು ಫೋನು ಕಿತ್ತುಕೊಂಡು ಹುಡುಗನ ಕೆನ್ನೆಗೆ ಬಾರಿಸಿದ, ನಾನು ಮೈದುನನನ್ನು ರೇಗಿಸಿದೆ, ಯಾಕಪ್ಪ, ನಿಮ್ಮಪ್ಪನ ಹಡಗೇನು ಅದು, ಅಂತ. ಅವನ ಮುಖ ಸುಣ್ಣದಂತಾಯಿತು, ನಾನು ನಕ್ಕೆ. ನಕ್ಕೆನಲ್ಲ. ಗಂಡ ಸತ್ತಿದ್ದನ್ನು ಕಣ್ಣಾರೆ ನೋಡಿ, ಡೋಲಿನ ಹಾಡಿನ ಸಮೇತ ನೋಡಿ, ಬೀಡಾ ಹಂಚಿ ನಕ್ಕವಳು ಈ ಹೊನ್ನಾಳಿಯಲ್ಲಿ ನಾನೊಬ್ಬಳೇ ಇರಬೇಕು.

ಪರದೆಯ ಹೊರಗೆ ಕೆಂಚೇಶ ಕೆಮ್ಮಿದ. ಅವನ ಕಾಲಿನ ಕಪ್ಪು ಸಾಕ್ಸಿಗೆ ಬೆರಳ ಹತ್ತಿರ ತೂತು ಬಿದ್ದಿದೆ. ಸವಳಂಗದ ಧರ್ಮಪ್ಪನವರ ಮಗ, ಮತೀನನೂ ಅವನೂ ಐಟಿಐಯಲ್ಲಿ ಒಂದೇ ಬೆಂಚು, ಒಂದೇ ಫಿಟ್ಟರ್ ಕೆಲಸ, ಒಂದೇ ಅರವನ್ನು ಇಬ್ಬರೂ ಹಂಚಿಕೊಂಡು ಕಬ್ಬಿಣ ಉಜ್ಜಿದವರು, ಆಮೇಲೆ ಮತೀನ ಹಡಗಿಗೆ ಹೋದ, ಕೆಂಚೇಶ ಮಿಸೈಲ್ ಮಾಡುವ ಫ್ಯಾಕ್ಟರಿಗೆ ಹೋದ, ಅದರ ಬಾಲದ ರೆಕ್ಕೆ ಉಜ್ಜುವ ಕೆಲಸ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಬಾರ್ದು ಅತ್ತಿಗೆ, ಅಂತ ಹೇಳುತ್ತಿದ್ದ, ಹೆಮ್ಮೆ, ಅವನ ಫೋನಿನ ಸ್ಟೇಟಸ್ಸಿನಲ್ಲಿ ವಾರಕ್ಕೊಂದು ಬಾಣ ಹಾರುತ್ತದೆ, ಬಾವುಟ, ಜಯಘೋಷ. ಮದುವೆಗೆ ಬರಲಿಲ್ಲ, ರಜೆ ಸಿಗಲಿಲ್ಲ ಅಂದ, ಇವನಿಗೂ ಗೊತ್ತಿತ್ತು, ನನ್ನ ಮುಖ ನೋಡಲಾರದೆ ಬರಲಿಲ್ಲ. ಮತೀನ ಕೊನೆಯ ಸಾರಿ ರಜೆಗೆ ಬಂದಾಗ ಇವನೂ ಬಂದಿದ್ದ, ಚನ್ನಗಿರಿಯ ಗಿರಾಕಿಗೆ ಅಂತ ದೊಡ್ಡ ಗಾದಿ ತುಂಬಿ ಅಂಗಳದಲ್ಲಿ ಹಾಸಿದ್ದೆವು, ಬಿಳಿ ಬಟ್ಟೆ, ಇನ್ನೂ ಹೊಲಿಗೆ ಹಾಕಿರಲಿಲ್ಲ, ಅಲ್ಲಲ್ಲಿ ಉಬ್ಬು ತಗ್ಗು, ನಾನೇ ಕೇಳಿದೆ, ಅಷ್ಟು ದೊಡ್ಡ ಸಮುದ್ರದಾಗೆ ಅದಕ್ಕೆ ಹಡಗು ಹೆಂಗೆ ಸಿಗ್ತೈತೆ ಕೆಂಚೇಶ, ಅವನು ಮೊಣಕಾಲೂರಿ ಅಂಗೈ ಚಾಚಿದ, ಇದು ನೀರು ಅನ್ಕಳ್ರಿ ಅತ್ತಿಗೆ, ಮತೀನ, ಆ ತುದಿಯಾಗೆ ಅಡ್ಡ ಮಲಕ್ಕ, ನೀನು ಹಡಗು. ಮತೀನ ಮಲಗಿದ, ಕಳ್ಳ, ಭೋಂ ಅಂತ ಹಡಗಿನ ಸದ್ದು ಬೇರೆ ಮಾಡಿದ. ಹಿಂಗೆ ಬರ್ತೈತೆ, ನೋಡ್ರಿ, ತೀರಾ ತಗ್ಗಿಗೆ, ನೀರಿಗೆ ತಾಗದಂಗೆ, ಮ್ಯಾಲೆ ಬಂದ್ರೆ ಹಡಗಿನವರಿಗೆ ದೂರದಿಂದ್ಲೇ ಗೊತ್ತಾಗ್ತೈತಲ್ಲ, ಅದಕ್ಕೆ, ದಾರಿ ಉದ್ದಕ್ಕೂ ಕಣ್ಣು ಮುಚ್ಕಂಡೇ ಬರ್ತೈತೆ, ಹತ್ರ ಬಂದ ಮ್ಯಾಲೆ ಕಣ್ಣು ಬಿಡ್ತೈತೆ. ಅಂಗೈ ಗಾದಿಯ ಮೇಲೆ ಬರುತ್ತಿತ್ತು, ಉಬ್ಬು ಬಂದರೆ ಏರಿ, ತಗ್ಗು ಬಂದರೆ ಇಳಿದು, ಬಟ್ಟೆಗೆ ತಾಗದ ಹಾಗೆ, ನಾನು ಬಾಯಿ ಬಿಟ್ಟು ನೋಡುತ್ತಿದ್ದೆ, ಮತೀನ ಕಣ್ಣು ಮುಚ್ಚಿ ನಗು ತಡೆಯುತ್ತಿದ್ದ, ಪಕ್ಕೆಲುಬಿಗೆ ಬಿತ್ತು ಏಟು, ಅವನು ಎದ್ದು ಕೆಂಚೇಶನ ಕುತ್ತಿಗೆ ಹಿಡಿದ, ಇಬ್ಬರೂ ಗಾದಿಯ ಮೇಲೆ ಉರುಳಾಡಿದರು, ಗಿರಾಕಿ ಗಾದಿ ಕಣ್ರೋ ಅಂತ ನಾನು ಬೈದೆ.

ಯಾರು ಬಿಟ್ಟರಂತೆ ಅದನ್ನು. ಯಾರೋ, ಯಾವುದೋ ಗುಡ್ಡದ ಮೇಲಿಂದ, ಕೆಂಪು ಸಮುದ್ರದ ದಡದಿಂದ. ಹಡಗಿನ ಧಣಿ ಒಂದು ದೇಶದವನು, ಹಡಗಿನ ಬಾವುಟ ಇನ್ನೊಂದು ದೇಶದ್ದು, ಬಿಟ್ಟವರ ಸಿಟ್ಟು ಮೂರನೆಯ ದೇಶದ ಮೇಲೆ, ಸತ್ತವನು ಹೊನ್ನಾಳಿ ಪಿಂಜಾರರ ಹುಡುಗ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ಈ ಕೂಸು ಅವರದೂ ಅಲ್ಲವಲ್ಲ, ದಾರಿಯಲ್ಲಿ ಹೋಗುತ್ತಿದ್ದ ಕೂಸು. ಹಡಗಿನಲ್ಲಿ ಇದ್ದದ್ದು ಗೋಧಿ, ಬರೀ ಗೋಧಿ, ಅದಕ್ಕೆ ಬಾಣ ಬಿಟ್ಟು ಆಮೇಲೆ ಟಿವಿಯಲ್ಲಿ ಗೆದ್ದೆವು ಅಂದರಂತೆ, ಗೋಧಿಯನ್ನು ಗೆದ್ದ ಶೂರರು, ಅವರ ಕೈ ಸೇದಿ ಹೋಗಲಿ, ಅದನ್ನು ಮಾಡಿಕೊಟ್ಟವನ ಕೈ, ಮಾರಿದವನ ಕೈ, ಹಾಡು ಸೇರಿಸಿದವನ ಕೈ, ಎಲ್ಲ ಸೇದಿ ಹೋಗಲಿ. ಇಂಜಿನ್ ರೂಮಿನ ಸೆಕೆ ಹೆಂಗಿರ್ತೈತೆ ಗೊತ್ತಾ ಬಾನು, ನಮ್ಮೂರ ಬಿಸಿಲು ಅದರ ಮುಂದೆ ನೆರಳು, ಅನ್ನುತ್ತಿದ್ದ ಮತೀನ, ಹಣೆಯ ಬೆವರು ಒರೆಸಿ ಒರೆಸಿ ಅಲ್ಲಿ ಗಾಯವಾಗಿತ್ತು, ರಜೆಯಲ್ಲಿ ನಾನು ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ, ಆ ಗಾಯ ಮಾಯ್ದಿತ್ತೋ ಇಲ್ಲವೋ. ಹೊರಗೆ ಕೆಂಚೇಶ ಯಾರಿಗೋ ಹೇಳುತ್ತಿದ್ದಾನೆ, ಅದು ನಮ್ದು ಅಲ್ರಿ, ಬೇರೆ ದೇಶದ್ದು, ನಮ್ದು ಗಡಿ ಕಾಯಾಕೆ ಇರೋದು. ಹೌದಪ್ಪ, ನಿನ್ನದಲ್ಲ, ನೀನು ಕೊಂದೆ ಅಂತ ನಾನು ಅನ್ನಲಿಲ್ಲ, ಆದರೆ ನೀನು ಕೂದಲೆಳೆ ಬಿಡದೆ ಉಜ್ಜಿದ ರೆಕ್ಕೆಯೂ ಒಂದು ದಿನ ಹಾರುತ್ತದಲ್ಲ, ಅದು ಬೀಳುವ ಹಡಗಿನ ತಳದಲ್ಲಿ ಯಾವ ಊರಿನ ಫಿಟ್ಟರ್ ಹಣೆ ಒರೆಸಿಕೊಳ್ಳುತ್ತಿರುತ್ತಾನೆ, ಅವನ ಹೆಂಡತಿ ಯಾರ ಮದುವೆಯಲ್ಲಿ ಏನು ಹಂಚುತ್ತಿರುತ್ತಾಳೆ. ಇದನ್ನೆಲ್ಲ ಹೋಗಿ ಅವನ ಮುಖಕ್ಕೆ ಹೇಳಬೇಕು, ಹೇಳಲಾರೆ, ಮತೀನನ ಜೊತೆ ಉರುಳಾಡಿದವನು ಅವನು, ಉಳಿದಿರುವವನು ಅವನೊಬ್ಬನೇ.

ಅತ್ತೆ ಪಕ್ಕದಲ್ಲಿ ತಸ್ಬೀಹ್ ಮಣಿ ಎಣಿಸುತ್ತಿದ್ದವರು ಕೈ ನಿಲ್ಲಿಸಿದ್ದಾರೆ, ನನ್ನ ಕಡೆ ನೋಡದೆ ಮೆಲ್ಲಗೆ ಅನ್ನುತ್ತಿದ್ದಾರೆ, ನಿನ್ನ ಒಳ್ಳೇದಕ್ಕೇ ಮುಚ್ಚಿಟ್ವಿ ಬಾನು, ನಾಲ್ಕು ದಿನ ಸುಖವಾಗಿರ್ಲಿ ಅಂತ, ನನ್ನ ಹೊಟ್ಟೆ ಉರಿ ನನಗೆ ಗೊತ್ತು, ಮಗಳ ಮುಂದೆ ನಗ್ತಾ ಇದ್ದೆ ನಾನು, ಹೆತ್ತ ಹೊಟ್ಟೆ ಕಣವ್ವ. ಹೆತ್ತ ಹೊಟ್ಟೆ, ಹೌದು, ಇಲ್ಲ ಅಂದವರು ಯಾರು, ಆದರೆ ನೀವು ರಾತ್ರಿ ಕೋಣೆಯಲ್ಲಿ ಗಂಡ ಹೆಂಡತಿ ಕದ ಹಾಕಿಕೊಂಡು ಅತ್ತಿರಿ ತಾನೇ, ನಾನು ಕದದ ಈಚೆ ಗಂಡನ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದೆ, ಬರುತ್ತಾನೆ ಅಂತ. ನಾಲ್ಕು ದಿನದ ಸುಖ ಕೊಟ್ಟರಂತೆ, ಯಾರು ಕೇಳಿದ್ದರು, ಆ ಸುಖವನ್ನು ಈಗ ನೆನೆಸಿಕೊಂಡರೆ ಒಂದೊಂದೂ ಉಗುಳಬೇಕು ಅನ್ನಿಸುತ್ತದೆ, ಸುರಕುಂಬ ಉಗುಳಬೇಕು, ಬಿರಿಯಾನಿ ಉಗುಳಬೇಕು, ಮಹಲಿನಲ್ಲಿ ನಕ್ಕ ನಗುವನ್ನು ಹೇಗೆ ಉಗುಳುವುದು. ಹಜರತ್ತರ ದನಿ ಪರದೆಯ ಹತ್ತಿರ ಬಂತು, ಹುಡುಗಿಗೆ ಹೇಳ್ಬೇಕಿತ್ತು ನನ್ನೇಸಾಬ್, ತಪ್ಪು ಮಾಡಿದ್ರಿ, ಆತು, ಬೇಟಿ, ಕೇಳಿಸ್ತೈತಾ, ನಿನ್ನ ಇದ್ದತ್ತು ಆ ದಿನದಿಂದ್ಲೇ ಶುರುವಾಗೈತೆ, ಅರ್ಧ ಕಳೆದಂಗೆ ಆಗೈತೆ, ಇನ್ನರ್ಧ ಸಬರ್ ಮಾಡು, ತಾಳ್ಕೊ.

ಅರ್ಧ ಕಳೆಯಿತಂತೆ. ಹಬ್ಬದಲ್ಲಿ ಕಳೆಯಿತು, ಮೆಹಂದಿಯಲ್ಲಿ ಕಳೆಯಿತು, ಐದು ಶುಕ್ರವಾರದ ಈರುಳ್ಳಿಯಲ್ಲಿ ಕಳೆಯಿತು, ಗಂಡನನ್ನು ಸಮುದ್ರ ತೆಗೆದುಕೊಂಡಿತು, ಅವನಿಗಾಗಿ ಅಳುವ ದಿನಗಳನ್ನು ಇವರು ತೆಗೆದುಕೊಂಡರು, ಗೋರಿ ಇಲ್ಲ, ಹಿಡಿ ಮಣ್ಣು ಹಾಕುವುದಕ್ಕೆ ಜಾಗ ಇಲ್ಲ, ನನಗೆ ಅಂತ ಇದ್ದದ್ದು ಆ ನಾಲ್ಕು ತಿಂಗಳು ಹತ್ತು ದಿನ ಒಂದೇ, ಅದರಲ್ಲೂ ಅರ್ಧ. ಹಜರತ್, ಅಂದೆ, ನನ್ನ ದನಿ ಇಷ್ಟು ಗಟ್ಟಿ ಇದೆಯಾ, ಅತ್ತೆ ನನ್ನ ಸೆರಗು ಹಿಡಿದು ಎಳೆದರು, ಬಿಡಿಸಿಕೊಂಡೆ, ನಿಮ್ಮ ಲೆಕ್ಕ ತಪ್ಪು ಅನ್ನಲ್ರಿ ಹಜರತ್, ಅವರು ಆವತ್ತು ಸತ್ರು, ನನಗೆ ಸತ್ತಿದ್ದು ಇವತ್ತು, ನೀವೆಲ್ಲ ಸೇರಿ ಇವತ್ತು ಸಾಯಿಸಿದ್ರಿ, ನಾನು ಇವತ್ತಿಂದ ಕುಂದರ್ತೀನಿ, ನಾಲ್ಕು ತಿಂಗಳು ಹತ್ತು ದಿನ, ಒಂದು ದಿನಾನೂ ಯಾರಿಗೂ ಬಿಟ್ಟು ಕೊಡಲ್ಲ, ಆ ದಿನಗಳು ನನ್ನವು. ತೌಸಿಫನ ಹೆಬ್ಬೆರಳು ನಿಂತಿತು, ಮಾವನ ಹಿಮ್ಮಡಿ ಹಿಂದಕ್ಕೆ ಸರಿಯಿತು, ಸರಿಯಲಿ, ಮುಖ ಮುಚ್ಚಲು ಇವತ್ತು ಟವೆಲ್ ಇಲ್ಲ. ಕೆಂಚೇಶ, ಅಂದೆ, ಇದೊಂದು ಹೇಳು, ಹತ್ರ ಬಂದು ಕಣ್ಣು ಬಿಟ್ಟಾಗ ಅದಕ್ಕೆ ಏನು ಕಾಣ್ತೈತೆ. ಹಡಗು ಕಾಣ್ತೈತೆ ಅತ್ತಿಗೆ, ಬರೀ ಹಡಗು, ಒಳಗಿನ ಜನ ಕಾಣಲ್ಲ, ಅಂದ, ಅನ್ನುತ್ತಾ ಅನ್ನುತ್ತಾ ಅತ್ತ, ಅವನ ಕೈ ಚಾಪೆಯ ಮೇಲೆ ಇಳಿದಿದ್ದು ಪರದೆಯ ಸಂದಿನಲ್ಲಿ ಕಾಣುತ್ತಿದೆ, ಅದೇ ಅಂಗೈ, ಅಗಲ, ಬೆರಳುಗಳ ತುದಿ ಉಜ್ಜಿ ಉಜ್ಜಿ ನುಣ್ಣಗಾಗಿದೆ, ಇನ್ನೂ ಅತ್ತೆ ಏನೋ ಹೇಳುತ್ತಿದ್ದಾರೆ, ಕೇಳುತ್ತಿಲ್ಲ, ಬಿಳಿ ಗಾದಿ ಹಾಸಿದೆ, ಆ ತುದಿಯಲ್ಲಿ ಮತೀನ ಅಡ್ಡ ಮಲಗಿದ್ದಾನೆ, ಈಗ ಅವನಿಗೆ ಏಟು ಬೀಳಬೇಕು, ಅವನು ಎದ್ದು ಕುತ್ತಿಗೆ ಹಿಡಿಯಬೇಕು, ನಾನು ಬೈಯಬೇಕು, ಅಲ್ಲಿಗೆ ಹೋಗುತ್ತಿಲ್ಲ, ಮತ್ತೆ ಮೊದಲಿಗೇ ಬರುತ್ತಿದೆ, ಅಂಗೈ ಬರುತ್ತಿದೆ, ಉಬ್ಬಿಗೆ ಏರಿ, ತಗ್ಗಿಗೆ ಇಳಿದು, ಬಟ್ಟೆಗೆ ತಾಗದ ಹಾಗೆ, ಅವನು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಾನೆ, ಅಂಗೈ ಬರುತ್ತಿದೆ, ಅವನು ನಗುತ್ತಿದ್ದಾನೆ, ಅಂಗೈ ಬರುತ್ತಿದೆ